ಹದ ಮಳೆ ಅಂದ್ರೆ ಎಷ್ಟು ಮಿಲಿಮೀಟರ್? ನಮ್ಮ ಶಾಲೆಯ ಮಳೆ ಲೆಕ್ಕ, ಜೂನ್‌ನಿಂದ ಅಕ್ಟೋಬರ್‌ವರೆಗೆ

ಜೂನ್ 10

ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಕೊಠಡಿಯ ಗೋಡೆಯಲ್ಲಿ ಹವಾಮಾನ ನಕ್ಷೆ ಇರುತ್ತದೆ. ಪುಟ್ಟ ಮಕ್ಕಳು ಬಂದ ಕೂಡಲೇ ತಮ್ಮ ಹಾಜರಿ ತಾವೇ ಗುರುತು ಮಾಡಿ, ಆಮೇಲೆ ಬಾಗಿಲಿಗೆ ಹೋಗಿ ಆಕಾಶ ನೋಡಿ ಬಿಸಿಲೋ ಮೋಡವೋ ಮಳೆಯೋ ಅಂತ ತುಂಬುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಬೆಳಗಿನ ಆ ಐದು ನಿಮಿಷ. ಮೂರನೇ ತರಗತಿ ದಾಟಿದರೆ ಅದು ನಿಂತುಹೋಗುತ್ತದೆ. ಈ ವರ್ಷ ನಾಲ್ಕಕ್ಕೆ ಬಂದ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಈ ರೂಮಲ್ಲಿ ಮಳೆ ಬರ್ಯಕ್ಕೆ ಜಾಗ ಎಲ್ಲೈತೆ?"

ಬಂತು, ಬರಲಿಲ್ಲ ಅಂತ ಬರೆಯುವ ಬದಲು ಈ ಸಲ ಎಷ್ಟು ಬಂತು ಅಂತ ಬರೆಯೋಣ ಎಂದೆ. ನಮ್ಮದು ಅರಸೀಕೆರೆ ಸೀಮೆ, ರಾಗಿ ಮತ್ತು ತೆಂಗು. ಮಳೆಯ ಮಾತಿಲ್ಲದೆ ಯಾರ ಮನೆಯಲ್ಲೂ ಬೆಳಗಾಗುವುದಿಲ್ಲ. ನಾಲ್ಕು, ಐದನೇ ತರಗತಿ ಸೇರಿ 17 ಮಕ್ಕಳಿದ್ದಾರೆ, ಸಾಕು.

ಜೂನ್ 12

ಎರಡು ಲೀಟರಿನ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿದೆವು. ಮೊದಲು ತಂದ ಬಾಟಲಿಗೆ ಸೊಂಟದಲ್ಲಿ ತಗ್ಗಿತ್ತು. ಅಲ್ಲಿ ನೀರು ಬೇಗ ಏರಿ ಲೆಕ್ಕ ತಪ್ಪುತ್ತದೆ, ಹಾಗಾಗಿ ಬಿಟ್ಟೆವು. ಬುಡ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ತುಂಬಿ, ಕಲ್ಲು ಮುಚ್ಚುವಷ್ಟು ನೀರು ಹಾಕಿ, ನೀರಿನ ಮಟ್ಟಕ್ಕೆ ಸೊನ್ನೆ ಬರುವಂತೆ ಗೆರೆ ಎಳೆದ ಕಾಗದವನ್ನು ಟೇಪಿನಿಂದ ಅಂಟಿಸಿದರು. ಮಕ್ಕಳಿಗೆ ಹುಣಸೆಮರದ ಕೆಳಗೇ ಇಡುವ ಆಸೆ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿರಬೇಕು ಎಂದಾಗ ಅಂಗಳದ ಆ ತುದಿಗೆ ಹೊತ್ತೊಯ್ದರು.

ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಮಳೆ ಅಳೆಯುತ್ತದೆ. ನಾವೂ ಅದೇ ಹೊತ್ತಿಗೆ ಅಳೆಯಬೇಕು ಎಂದೆ. ಶಾಲೆಯ ಪಕ್ಕದ ಮನೆಯ ಹುಡುಗ "ನಾನ್ ನೋಡ್ತೀನಿ ಮಿಸ್" ಎಂದ. ಅವನು ನೋಡಿ ಬರೆದದ್ದನ್ನು ಪ್ರಾರ್ಥನೆ ಮುಗಿದ ಮೇಲೆ, ಹಾಲು ಕೊಡುವ ಮುಂಚೆ ಒಬ್ಬರು ಎಲ್ಲರೆದುರು ಓದಬೇಕು.

ಜೂನ್ 25

ಆರಿದ್ರಾ ಮಳೆ ಚೆನ್ನಾಗಿ ಹಿಡಿಯಿತು. ಈ ದಿನದ ಪಾಠ ನಾನು ಮಾಡಿದ್ದಲ್ಲ.

ಐದನೇ ತರಗತಿಯ ಹುಡುಗನಿಗೆ ಮೊದಲಿಂದಲೂ ಒಂದು ಅನುಮಾನವಿತ್ತು: "ಅಗಲದ ಪಾತ್ರೆ ಇಟ್ರೆ ಜಾಸ್ತಿ ಮಳೆ ಬೀಳಲ್ವಾ ಮಿಸ್?" ಉತ್ತರ ಹೇಳಲಿಲ್ಲ. ಅಡುಗೆಯಮ್ಮನಿಂದ ನೆಟ್ಟಗಿನ ಅಂಚಿನ ಒಂದು ಅಗಲ ಡಬರಿ, ಒಂದು ಸಣ್ಣ ಡಬ್ಬ ಈಸಿಕೊಂಡು ಬಾಟಲಿಯ ಪಕ್ಕ ಇಟ್ಟಿದ್ದೆವು. ಬೆಳಿಗ್ಗೆ ಸ್ಕೇಲು ಅದ್ದಿ ನೋಡಿದರೆ ಡಬರಿಯಲ್ಲೂ 7 ಮಿಲಿಮೀಟರ್, ಡಬ್ಬದಲ್ಲೂ 7. ನೀರು ಡಬರಿಯಲ್ಲಿ ಹೆಚ್ಚಿದೆ, ಆದರೆ ಎತ್ತರ ಒಂದೇ. ಅವನು ಮೂರು ಸಲ ಅದ್ದಿ ನೋಡಿದ.

ಆದರೆ ಬಾಟಲಿ 11 ತೋರಿಸುತ್ತಿತ್ತು. ಯಾವುದು ಸರಿ? ಹತ್ತು ನಿಮಿಷ ಜಗಳವೇ ಆಯಿತು. ಕೊನೆಗೆ, ತರಗತಿಯಲ್ಲಿ ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಸ್ಕೇಲನ್ನು ಕಣ್ಣ ಹತ್ತಿರ ಹಿಡಿದು, ಅದರ ತುದಿಗೆ ಉಗುರು ಇಟ್ಟು, "ಸೊನ್ನೆ ಇಲ್ಲಿಂದ ಶುರುವಾಗಲ್ಲ, ಮುಂದೆ ಐತೆ" ಎಂದಳು. ತುದಿಗೂ ಸೊನ್ನೆಗೂ ನಡುವೆ 4 ಮಿಲಿಮೀಟರ್ ಖಾಲಿ ಜಾಗ. 7ಕ್ಕೆ 4 ಸೇರಿಸಿದರೆ 11. ಎರಡು ವರ್ಷದಿಂದ ಸ್ಕೇಲು ಹಿಡಿದ ಮಕ್ಕಳು ಅವರು. ನಾನೂ ಎಷ್ಟೋ ಸಲ "ಸೊನ್ನೆಯಿಂದ ಅಳೀರಿ" ಎಂದು ಹೇಳಿದ್ದೇನೆ. ಇವತ್ತು ಆ ಮಾತು ಅವರದ್ದಾಯಿತು. ನನಗಾದ ಸಂತೋಷ ಹೇಳತೀರದು.

ಜುಲೈ 9

ನಮ್ಮ ಅಂಕಿ ಊರಿಗೆ ಹೋಯಿತು. ಒಬ್ಬ ಹುಡುಗ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುತ್ತಾನೆ, ಅಲ್ಲಿ "ರಾತ್ರಿ 9 ಮಿಲಿಮೀಟರ್" ಎಂದನಂತೆ. ಸರದಿಯಲ್ಲಿ ನಿಂತಿದ್ದ ಅಜ್ಜನೊಬ್ಬರು, "ಅದೆಲ್ಲ ನಂಗೊತ್ತಿಲ್ಲ ಮಗ, ಹದ ಆಗಿಲ್ಲ. ಮ್ಯಾಲಷ್ಟೇ ನೆಂದೈತೆ" ಎಂದರಂತೆ. ಹಾಗಾದರೆ ಹದಕ್ಕೆ ಎಷ್ಟು ಮಿಲಿಮೀಟರ್ ಬೇಕು? ನನಗೂ ಉತ್ತರ ತಿಳಿದಿರಲಿಲ್ಲ.

ಪುಸ್ತಕದಲ್ಲಿ ಮೂರನೇ ಕಲಂ ಎಳೆದೆವು: "ಹಿರಿಯರ ಮಾತು". ಮಳೆ ಬಂದ ಮರುದಿನ ಕನಿಷ್ಠ ಇಬ್ಬರನ್ನು ಕೇಳಿ, ಅವರು ಹೇಳಿದ ಹಾಗೇ ಬರೆಯಬೇಕು. ಸೋನೆ, ತುಂತುರು, ಧೂಳು ಅಡಗ್ತು, ಹದ, ಜಾಸ್ತಿ ಆಯ್ತು. ಅದೇ ಅಜ್ಜ ಒಂದು ಮಧ್ಯಾಹ್ನ ಶಾಲೆಗೂ ಬಂದರು. ಹೊಲದಲ್ಲಿ ಗೇಣುದ್ದ ಕೆದಕಿ ತಂದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಬಿಟ್ಟರು. ಉಂಡೆ ನೆಲಕ್ಕೆ ಬಿದ್ದು ಪುಡಿಯಾಯಿತು. "ಇದು ಹದ. ಉಂಡೆ ಕಟ್ಟದಿದ್ರೆ ಕಮ್ಮಿ, ಬಿದ್ದಾಗ ಒಡೀದಿದ್ರೆ ಜಾಸ್ತಿ." ಮಕ್ಕಳೆಲ್ಲ ಒಬ್ಬೊಬ್ಬರಾಗಿ ಉಂಡೆ ಕಟ್ಟಿದರು. ಅವತ್ತು ಗಣಿತದ ಅವಧಿ ಹೋಯಿತು, ಹೋಗಲಿ.

ಜುಲೈ 24

ನಮ್ಮಲ್ಲಿ 22, ಪಂಚಾಯ್ತಿ ಊರಿನ ಮಾಪಕದಲ್ಲಿ ಬರೀ 6. ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ವಿಕೋಪ ಉಸ್ತುವಾರಿ ಕೇಂದ್ರದವರು ತಾನಾಗೇ ಅಂಕಿ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ. ಅವರ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಮಕ್ಕಳ ಮುಖ ಸಣ್ಣದಾಯಿತು, ನಮ್ಮದೇ ತಪ್ಪು ಅಂದುಕೊಂಡರು. ಅಜ್ಜ ಸಮಾಧಾನ ಮಾಡಿದರು: "ಎತ್ತಿನ ಒಂದ್ ಕೊಂಬು ನೆಂದ್ರೆ ಇನ್ನೊಂದ್ ನೆನೆಯಲ್ಲ ಕಣ್ರಪ್ಪ." ಆ ಊರು ನಮಗೆ ಐದು ಕಿಲೋಮೀಟರ್.

ಅದೇ 22ನ್ನು ಇಟ್ಟುಕೊಂಡು ಚಾವಣಿ ಲೆಕ್ಕ ಮಾಡಿದೆವು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಕೊಠಡಿಯನ್ನು ಹಗ್ಗದಲ್ಲಿ ಅಳೆದರೆ 9 ಮೀಟರ್ ಉದ್ದ, 6 ಮೀಟರ್ ಅಗಲ. ಒಟ್ಟು 1,188 ಲೀಟರ್, 20 ಲೀಟರಿನ ಬಿಂದಿಗೆಯಲ್ಲಿ ಹೆಚ್ಚುಕಮ್ಮಿ 59! ಮುಂದಿನ ವಾರವೇ ಪೋಷಕರೊಬ್ಬರು 200 ಲೀಟರಿನ ಡ್ರಮ್ ತಂದು ಸೂರಿನ ಕೆಳಗೆ ಇಟ್ಟರು. ದಂಟಿನ ಮಡಿಗೆ ಈಗ ಅದೇ ನೀರು.

ಆಗಸ್ಟ್ 20

ಮಾಪಕ ನೋಡುವ ಹುಡುಗ ತಾನೇ ಬಂದು ಹೇಳಿದ: ಜ್ವರ ಬಂದಿದ್ದ ಎರಡು ದಿನ ನೋಡದೆಯೇ "0" ಬರೆದಿದ್ದಾನಂತೆ. ಬಯ್ಯಲಿಲ್ಲ. ನೋಡಿದೆ, ನೀರಿರಲಿಲ್ಲ ಅನ್ನುವುದಕ್ಕೂ ನೋಡಲೇ ಇಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಇಡೀ ತರಗತಿ ಕೂತು ಮಾತಾಡಿತು. ಆ ಎರಡು ಸೊನ್ನೆ ಹೊಡೆದುಹಾಕಿ "ನೋಡಿಲ್ಲ" ಎಂದು ಅವನೇ ಬರೆದ. ಈಗ ಇಬ್ಬಿಬ್ಬರ ಪಾಳಿ ಹಾಕಿಕೊಂಡಿದ್ದಾರೆ.

ಸೆಪ್ಟೆಂಬರ್ 18

ಹಿರಿಯರು "ಹದ" ಎಂದ ದಿನಗಳಿಗೆಲ್ಲ ಮಕ್ಕಳು ಕೆಂಪು ಸುತ್ತು ಹಾಕಿದರು: 18, 22, 26, 31. "ಹದ ಅಂದ್ರೆ 18ರಿಂದ ಮೇಲೆ" ಎಂದು ಹಲಗೆಯ ಮೇಲೆ ಬರೆದೂ ಆಯಿತು. ಆಗ ಒಬ್ಬಳು ಪುಟ ತಿರುವಿ ಇನ್ನೊಂದು ತೋರಿಸಿದಳು: ಬರೀ 12 ಮಿಲಿಮೀಟರ್, ಪಕ್ಕದಲ್ಲಿ "ಹದ, ಇಬ್ಬರೂ ಅಂದ್ರು". ಕೇಳಿಕೊಂಡು ಬಂದವನು ತಪ್ಪು ಬರೆದಿದ್ದಾನೆ ಎಂದು ಕೆಲವರು. ಅವಳು ಸುಮ್ಮನೆ ಮೇಲಿನ ಸಾಲಿಗೆ ಬೆರಳಿಟ್ಟಳು. ಹಿಂದಿನ ದಿನ 9 ಬಂದಿತ್ತು. "ನಿನ್ನೇದೂ ಮಣ್ಣೊಳಗೆ ಇರ್ತದಲ್ಲ ಮಿಸ್." ಉಗುರಿನಲ್ಲಿ ಸ್ಕೇಲಿನ ಸೊನ್ನೆ ಹಿಡಿದ ಅದೇ ಹುಡುಗಿ.

ಹಲಗೆಯ ಮೇಲಿನ ಸಾಲು ಅಳಿಸಿದೆವು. ಈಗ "ಹಿಂದಿನ ಮೂರು ದಿನ ಸೇರಿ ಎಷ್ಟು" ಎಂಬ ನಾಲ್ಕನೇ ಕಲಂ ಬಂದಿದೆ.

ಅಕ್ಟೋಬರ್ 21

ದಸರಾ ರಜೆ ಮುಗಿಯಿತು. ರಜೆಯಲ್ಲಿ ಬರೆಯಿರಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬಂದು ಪುಸ್ತಕ ತೆರೆದರೆ ಒಂದು ದಿನವೂ ಖಾಲಿ ಇಲ್ಲ. ಡೈರಿಯ ಗೋಡೆಗೆ ಯಾರೋ ಸಣ್ಣ ಕಪ್ಪುಹಲಗೆ ಹಾಕಿದ್ದಾರೆ, ಹಾಲಿನ ರೇಟಿನ ಪಕ್ಕದಲ್ಲೇ ಮಳೆಯ ಅಂಕಿಯೂ ಇದೆ.

ಬಾಟಲಿ ಬಿಸಿಲಿಗೆ ಸೀಳಿದೆ, ಇದು ಮೂರನೆಯದು. ಸೀಳದಂಥದ್ದು ಏನು ಬಳಸಬಹುದು ಎಂದು ಬಲ್ಲವರು ತಿಳಿಸಿ. ಐದನೆಯವರು ಮಾರ್ಚ್‌ಗೆ ಹೋಗಿಬಿಡುತ್ತಾರೆ. ಹಾಗಾಗಿ ಗುರುವಾರದಿಂದ ಮೂರನೇ ತರಗತಿಯವರಿಗೆ ಸ್ಕೇಲು ಓದುವುದನ್ನು ಅವರೇ ಹೇಳಿಕೊಡುತ್ತಾರಂತೆ. ಮೊದಲ ಪಾಠ ಸೊನ್ನೆ ಎಲ್ಲಿದೆ ಎನ್ನುವುದು.