ಸದ್ದು ನಿಂತಿತು, ನಾನು ಲೈಟ್ ಆರಿಸಿದೆ

ಆ ರಾತ್ರಿ ಚಾರ್ಟ್‌ನಲ್ಲಿ ನಾನೇ ಬರೆದ ಒಂದು ಸಾಲು ಇವತ್ತಿಗೂ ಚುಚ್ಚುತ್ತದೆ: ‘ವೀಜ್ ಇಲ್ಲ, ಆರಾಮಾಗಿದ್ದಾರೆ.’ ವೀಜ್ ಅಂದರೆ ಉಬ್ಬಸದಲ್ಲಿ ಎದೆಯಿಂದ ಬರುವ ಸುಂಯ್ ಸದ್ದು.

ಎಮರ್ಜೆನ್ಸಿಯಲ್ಲಿ ನೈಟ್ ಡ್ಯೂಟಿ. ಹ್ಯಾಂಡೋವರ್ ಆಗಿ ಹತ್ತು ನಿಮಿಷವಾಗಿರಲಿಲ್ಲ, ಇಪ್ಪತ್ತರ ಆಸುಪಾಸಿನ ಹುಡುಗನನ್ನು ಕರೆತಂದರು. ದೂರದ ಓಟದವನು. ಪ್ರಾಕ್ಟೀಸ್ ಮುಗಿದ ಮೇಲೆ ಉಬ್ಬಸ ಶುರುವಾಗಿತ್ತು. ಎರಡೂ ಕೈ ಮಂಚದ ಅಂಚಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದ. ಎದೆಯ ಸುಂಯ್ ಸುಂಯ್ ಬಾಗಿಲ ತನಕ ಕೇಳುತ್ತಿತ್ತು. ಉಸಿರು ನಿಮಿಷಕ್ಕೆ 34, ಪಲ್ಸ್ 128, ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 91. “ಪಂಪ್... ಹೊಡ್ಕೊಂಡೆ... ಸಿಸ್ಟರ್” ಅನ್ನುವುದಕ್ಕೆ ಮೂರು ಸಲ ಉಸಿರೆಳೆದುಕೊಂಡ. ಪಂಪ್ ಅಂದರೆ ಇನ್ಹೇಲರ್.

ಡ್ಯೂಟಿ ಡಾಕ್ಟರ್ ಬಂದು ಆಕ್ಸಿಜನ್, ನೆಬ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಕೊಡುವುದು), ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡ್ ಹೇಳಿದರು. ಅಷ್ಟರಲ್ಲಿ ಅಪಘಾತದ ಕೇಸ್ ಬಂತು, ಅವರು ಆ ಕಡೆ ಹೋದರು. ಜೊತೆಗಿದ್ದ ಕೋಚ್ “ದಿನಾ ಓಡೋ ಹುಡುಗ ಸಿಸ್ಟರ್, ಎದೆ ಗಟ್ಟಿ ಇದೆ” ಅಂದರು. ಆ ಮಾತು ನನಗೂ ಧೈರ್ಯ ಕೊಟ್ಟಿತು.

ಎರಡನೇ ನೆಬ್ ಮುಗಿಯುವ ಹೊತ್ತಿಗೆ ಸದ್ದು ನಿಂತಿತ್ತು. ಉಸಿರು 18ಕ್ಕೆ ಇಳಿದಿತ್ತು. ಸ್ಯಾಚುರೇಶನ್ 96. ಹುಡುಗ ಕಣ್ಣು ಮುಚ್ಚಿ ದಿಂಬಿಗೆ ಒರಗಿದ್ದ. ಪಾಪ, ದಣಿದಿದ್ದಾನೆ, ಮಲಗಲಿ ಅಂದುಕೊಂಡೆ. ಅವನ ತಲೆ ಮೇಲಿನ ಲೈಟನ್ನೂ ಆರಿಸಿದೆ. ಸ್ಟೆತ್ ಕುತ್ತಿಗೆಯಲ್ಲೇ ಇತ್ತು. ಅವನ ಎದೆಗಿಡಲಿಲ್ಲ.

ನೆಬ್ ನಡುವೆ ಕಳಿಸಿದ್ದ ಎಬಿಜಿ, ಅಂದರೆ ರಕ್ತದಲ್ಲಿನ ಅನಿಲಗಳ ಪರೀಕ್ಷೆಯ ಚೀಟಿ, ಬಂತು. ಪಿಸಿಓಟು, ಅಂದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಮಟ್ಟ, 42. ನಾರ್ಮಲ್ 35ರಿಂದ 45 ಅಲ್ವಾ, ಸರಿಯಾಗಿದೆ ಅಂತ ಫೈಲಿಗೆ ಸೇರಿಸಿದೆ.

ಡಾಕ್ಟರ್ ವಾಪಸ್ ಬಂದವರು ಆ ಚೀಟಿ ನೋಡಿದರು. “ಅಷ್ಟು ಏದುಸಿರು ಬಿಡ್ತಿದ್ದವನಿಗೆ 42 ಯಾಕೆ ಬಂತು ಸಿಸ್ಟರ್?” ಅನ್ನುತ್ತಲೇ ಬೆಡ್‌ಗೆ ಓಡಿದರು. ಎದೆಯ ಎರಡೂ ಕಡೆ, ಮೇಲೆ, ಕೆಳಗೆ ಕೇಳಿದರು. ಆಮೇಲೆ ನನಗೂ ಕೇಳಲು ಹೇಳಿದರು. ಏನೂ ಕೇಳಿಸಲಿಲ್ಲ. ಎದೆ ಸ್ವಲ್ಪ ಸ್ವಲ್ಪ ಅಲುಗುತ್ತಿತ್ತು, ಒಳಗೆ ಗಾಳಿಯ ಓಡಾಟವೇ ಇಲ್ಲ.

ಸುಂಯ್ ಅನ್ನಬೇಕಾದರೂ ಗಾಳಿ ಬೇಕು. ಶ್ವಾಸಕೋಶದ ಕೊಳವೆಗಳು ತೀರಾ ಬಿಗಿದರೆ ಸದ್ದೂ ಹುಟ್ಟುವುದಿಲ್ಲ. ಏದುಸಿರು ಬಿಡುವವನು ಕಾರ್ಬನ್ ಡೈಆಕ್ಸೈಡನ್ನು ಹೆಚ್ಚು ಹೊರಹಾಕುತ್ತಾನೆ, ಅವನ ಪಿಸಿಓಟು ಕಡಿಮೆ ಇರಬೇಕು. 42 ಅಂದರೆ ಉಸಿರೆಳೆಯುವ ಸ್ನಾಯುಗಳು ಸೋಲುತ್ತಿವೆ. ಉಸಿರು 18ಕ್ಕೆ ಇಳಿದದ್ದೂ ಅದಕ್ಕೇ. 96 ಬಂದದ್ದು ನಾವೇ ಹಾಕಿದ್ದ ಆಕ್ಸಿಜನ್‌ನಿಂದ. ಇದನ್ನೆಲ್ಲ ‘ಸೈಲೆಂಟ್ ಚೆಸ್ಟ್’ ಅಂತ ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಕಣ್ಣೆದುರು ಬಂದಾಗ ಅದು ನಿದ್ದೆಯ ಹಾಗೆ ಕಂಡಿತು.

ಕೊಳವೆ ಸಡಿಲಿಸಲು ಡ್ರಿಪ್‌ನಲ್ಲಿ ಮ್ಯಾಗ್ನೀಷಿಯಂ 2 ಗ್ರಾಂ, 20 ನಿಮಿಷದಲ್ಲಿ. ಬಿಡದೆ ನೆಬ್. ಅನೆಸ್ತೇಷಿಯಾದವರು ಬಂದು ಗಂಟಲೊಳಗೆ ಹಾಕುವ ಉಸಿರಾಟದ ಟ್ಯೂಬ್ ತೆರೆದಿಟ್ಟುಕೊಂಡು ನಿಂತರು. ನಾನು ಅವನ ಭುಜ ಅಲುಗಿಸುತ್ತಾ ಹೆಸರು ಹಿಡಿದು ಕೂಗುತ್ತಲೇ ಇದ್ದೆ. ಒಂದೊಂದು ನಿಮಿಷ ಕಳೆಯುವುದೂ ಕಷ್ಟವಾಯಿತು. ಡ್ರಿಪ್ ಮುಗಿಯುತ್ತಾ ಬಂದಾಗ ಎಡಗಡೆ ಸಣ್ಣಗೆ ಸುಂಯ್ ಅಂತು. “ಬಂತು” ಅಂದರು ಡಾಕ್ಟರ್. ಆ ಸದ್ದು ಕೇಳಿ ನನಗೆ ಅಳು ಬಂತು. ಟ್ಯೂಬ್ ಬೇಕಾಗಲಿಲ್ಲ, ಐಸಿಯುಗೆ ಕಳಿಸಿದೆವು.

ನಮ್ಮ ಚಾರ್ಟ್‌ನಲ್ಲಿ ವೀಜ್ ಇದೆ, ಇಲ್ಲ ಅಂತ ಎರಡೇ ಬಾಕ್ಸ್. ಏರ್ ಎಂಟ್ರಿ, ಅಂದರೆ ಎದೆಯೊಳಗೆ ಗಾಳಿ ಎಷ್ಟು ಹೋಗುತ್ತಿದೆ, ಅನ್ನುವುದಕ್ಕೆ ಜಾಗವಿಲ್ಲ, ರೋಗಿ ಪೂರ್ತಿ ವಾಕ್ಯ ಮಾತಾಡುತ್ತಾನಾ ಅನ್ನುವುದಕ್ಕೂ ಇಲ್ಲ. ಎರಡು ಮೀಟಿಂಗ್‌ನಲ್ಲಿ ಕೇಳಿದೆ. ಹೊಸ ಮಾನಿಟರ್ ಬಂದವು, ಚಾರ್ಟ್ ಹಾಗೇ ಇದೆ. ಇದು ತಪ್ಪು, ಹೇಳುತ್ತಲೇ ಇರುತ್ತೇನೆ. ಆದರೆ ಸ್ಟೆತ್ ಇಡದೆ ಬಾಕ್ಸ್ ತುಂಬಿದ್ದು ನಾನು. ಈಗ ಸದ್ದು ನಿಂತರೆ ಮೊದಲು ಎದೆ ಕೇಳುತ್ತೇನೆ, ಆಮೇಲೆ ಎಬ್ಬಿಸಿ ಮಾತಾಡಿಸುತ್ತೇನೆ.

ಮೂರನೇ ದಿನ ವಾರ್ಡಿಗೆ ಹೋಗಿ ಅವನನ್ನು ನೋಡಿದೆ. ಪಂಪ್ ಎಷ್ಟು ದಿನಕ್ಕೊಂದು ತಗೋತೀಯ ಅಂತ ಕೇಳಿದೆ. ಟ್ರೈಯಾಜ್‌ನಲ್ಲೇ, ಅಂದರೆ ರೋಗಿ ಬಂದ ಕೂಡಲೇ ಮಾಡುವ ಮೊದಲ ತಪಾಸಣೆಯಲ್ಲೇ, ಕೇಳಬೇಕಾಗಿದ್ದ ಪ್ರಶ್ನೆ. “ತಿಂಗಳಿಗೊಂದು” ಅಂದ. ವರ್ಷಕ್ಕೆ ಮೂರು ಖಾಲಿಯಾದರೇ ಎಚ್ಚರಿಕೆಯ ಗಂಟೆ. ಆ ಪಂಪ್ ಕೊಳವೆಯ ಸ್ನಾಯು ಸಡಿಲ ಮಾಡುತ್ತದೆ ಅಷ್ಟೇ, ಒಳಗಿನ ಊತ ಹಾಗೇ ಉಳಿಯುತ್ತದೆ. ಬರೀ ಅದನ್ನೇ ನಂಬಬೇಡಿ ಅಂತ ಜೀನಾ ಅನ್ನುವ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಊತಕ್ಕೆ ಕೊಟ್ಟಿದ್ದ ಸ್ಟೀರಾಯ್ಡ್ ಇನ್ಹೇಲರ್ ಅವನು ಬಿಟ್ಟೇಬಿಟ್ಟಿದ್ದ. ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತೇನೆ ಅನ್ನುವ ಭಯ.

ವೈದ್ಯರು ಹೇಳಿದ ಪ್ರಮಾಣದಲ್ಲಿ ಇನ್ಹೇಲರ್‌ನಲ್ಲಿ ಎಳೆಯುವ ಸ್ಟೀರಾಯ್ಡ್‌ಗೆ ಕ್ರೀಡೆಯ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾ ನಿಷೇಧ ಹೇರಿಲ್ಲ. ಮಿತಿ ಇರುವುದು ಅವನು ದಿನಾ ಹೊಡೆದುಕೊಳ್ಳುತ್ತಿದ್ದ ಪಂಪ್‌ನಲ್ಲಿರುವ ಸಾಲ್ಬುಟಮಾಲ್‌ಗೆ, 24 ಗಂಟೆಗೆ 1600 ಮೈಕ್ರೋಗ್ರಾಂ. ಅಷ್ಟು ಹೇಳಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದ.

“ಅಂದ್ರೆ ಬೇಕಾಗಿದ್ದನ್ನೇ ಸುಮ್ನೆ ಬಿಟ್ಟಿದ್ನಾ ಸಿಸ್ಟರ್?”

ಹೌದು ಅಂದೆ.