ವೆಲ್ಡ್‌ಗೆ ಹೊಟ್ಟೆ ಬೇಡ, ಉದ್ದ ಬೇಕು

ಬೆಂಗಳೂರಿನಲ್ಲಿ ಗೇಟ್ ಮಾಡಿಸುವವರಾಗಲಿ, ಟೆರೇಸ್ ಮೇಲೆ ಶೀಟ್ ಹಾಕಿಸುವವರಾಗಲಿ, ನೀರಿನ ಟ್ಯಾಂಕಿಗೆ ಸ್ಟ್ಯಾಂಡ್ ಮಾಡಿಸುವವರಾಗಲಿ, ಎಲ್ಲರೂ ವೆಲ್ಡರ್‌ಗೆ ಹೇಳುವುದು ಒಂದೇ ಮಾತು. "ಅಣ್ಣ, ವೆಲ್ಡಿಂಗ್ ಚೆನ್ನಾಗಿ ದಪ್ಪ ಹೊಡೀರಿ." ನಾನು ಪೀಣ್ಯದಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಷನ್ ಕೆಲಸ ಮಾಡುವವನು. ಈ ಮಾತು ಕಿವಿಗೆ ಬಿದ್ದರೆ ಸುಮ್ನೆ ಇರೋಕೆ ಆಗಲ್ಲ.

ಎರಡು ಪ್ಲೇಟ್ ಸೇರುವ ಮೂಲೆಯಲ್ಲಿ ತ್ರಿಕೋನದ ಹಾಗೆ ತುಂಬುವ ವೆಲ್ಡೇ ಫಿಲೆಟ್. ಮೂಲೆಯಿಂದ ಪ್ಲೇಟಿನ ಮೇಲೆ ಅದು ಎಷ್ಟು ದೂರ ಹರಡಿದೆಯೋ ಅದು ಲೆಗ್. ಅದೇ ಮೂಲೆಯಿಂದ ವೆಲ್ಡಿನ ಮುಖಕ್ಕೆ ಇರುವ ಅತಿ ಹತ್ತಿರದ ದೂರ ಥ್ರೋಟ್. ನಾವು ಅಳೆಯುವುದು ಹೆಚ್ಚಾಗಿ ಲೆಗ್, ಆದರೆ ಭಾರ ಹೊರುವ ಲೆಕ್ಕವೆಲ್ಲ ಥ್ರೋಟಿನದು. ಪ್ಲೇಟ್‌ಗಳು 90 ಡಿಗ್ರಿಯಲ್ಲಿದ್ದು ಎರಡೂ ಲೆಗ್ ಸಮ ಇದ್ದರೆ, ಲೆಗ್ ಅನ್ನು 0.7ರಿಂದ ಗುಣಿಸಿದರೆ ಥ್ರೋಟ್ ಬರುತ್ತದೆ. 6 ಎಂಎಂ ವೆಲ್ಡ್‌ಗೆ, ಅಂದರೆ ಲೆಗ್ 6 ಇದ್ದರೆ, ಥ್ರೋಟ್ 4.2 ಎಂಎಂ. ಮುಖ ಉಬ್ಬಿ ಹೊಟ್ಟೆ ಬಂದಿದ್ದರೆ ಆ ಹೊಟ್ಟೆಗೆ ಲೆಕ್ಕದಲ್ಲಿ ಜಾಗವೇ ಇಲ್ಲ. ವೆಲ್ಡಿನೊಳಗೆ ಕೂರುವ ಅತಿ ದೊಡ್ಡ ನೇರ ತ್ರಿಕೋನ ಯಾವುದೋ ಅಷ್ಟೇ ನಿಮ್ಮ ಸೈಜು. ಒಂದು ಲೆಗ್ 8, ಇನ್ನೊಂದು 5 ಇದ್ದರೆ? 5 ಅಂತಲೇ ಬರೆದುಕೊಳ್ಳಬೇಕು.

ಈಗ ದುಡ್ಡಿನ ವಿಷಯಕ್ಕೆ ಬರೋಣ. 6 ಎಂಎಂ ಬದಲು 8 ಎಂಎಂ ಹೊಡೆದರೆ ಬಲ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ. ತುಂಬಬೇಕಾದ ಲೋಹ? ತ್ರಿಕೋನದ ಅಳತೆ ಅಲ್ವಾ, ಲೆಗ್‌ನ ವರ್ಗದಂತೆ ಏರುತ್ತದೆ. 18 ಚದರ ಎಂಎಂ ಇದ್ದದ್ದು 32 ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಶೇ. 78 ಜಾಸ್ತಿ. ಒಂದು ಮೀಟರ್ ಉದ್ದಕ್ಕೆ 140 ಗ್ರಾಂ ಹಿಡಿಯುತ್ತಿದ್ದ ಲೋಹ 250 ಗ್ರಾಂ ದಾಟುತ್ತದೆ. ಇದರ ಜೊತೆ ರಾಡ್, ಕರೆಂಟು, ವೆಲ್ಡರ್ ಸಮಯ, ಸ್ಲ್ಯಾಗ್ (ವೆಲ್ಡಿನ ಮೇಲೆ ಕೂರುವ ಕಿಟ್ಟ) ಬಡಿಯುವ ಕೆಲಸ ಎಲ್ಲವೂ ಏರುತ್ತದೆ, ಸಾಲದ್ದಕ್ಕೆ ಜಾಸ್ತಿ ಬಿಸಿಗೆ ಪ್ಲೇಟ್ ಎಳೆದುಕೊಂಡು ಸೊಟ್ಟಗಾಗಿ, ಅದನ್ನು ನೆಟ್ಟಗೆ ಮಾಡಲು ಸುತ್ತಿಗೆ ಹಿಡಿದು ಇನ್ನೊಬ್ಬರು ನಿಲ್ಲಬೇಕು. ಅದೇ 6 ಎಂಎಂ ವೆಲ್ಡನ್ನು ಮೂರನೇ ಒಂದು ಭಾಗ ಉದ್ದ ಮಾಡಿ. ಅಷ್ಟೇ ಬಲ ಸಿಗುತ್ತದೆ, ಲೋಹವೂ ಮೂರನೇ ಒಂದು ಭಾಗ ಮಾತ್ರ ಜಾಸ್ತಿ. ಜಾಗ ಇದ್ದ ಕಡೆಯೆಲ್ಲ ನನ್ನ ಓಟು ಉದ್ದಕ್ಕೇ.

ಹಾಗಂತ ತೀರಾ ಸಣ್ಣದೂ ಆಗಬಾರದು. ಉಕ್ಕಿನ ಕಟ್ಟಡಗಳಿಗೆ ನಮ್ಮ ದೇಶದ ಕೋಡ್ ಐಎಸ್ 800, ಅದರ 2007ರ ಆವೃತ್ತಿಯಲ್ಲಿ ಇದಕ್ಕೆ ಟೇಬಲ್ ಇದೆ. ಎರಡರಲ್ಲಿ ದಪ್ಪಗಿರುವ ಪ್ಲೇಟ್ 10 ಎಂಎಂವರೆಗೆ ಇದ್ದರೆ ಕನಿಷ್ಠ 3 ಎಂಎಂ, 20ರವರೆಗೆ 5, 32ರವರೆಗೆ 6. ಕಾರಣ ಸರಳ. ದಪ್ಪ ಪ್ಲೇಟ್ ಬಿಸಿಯನ್ನು ಸರ್ ಅಂತ ಎಳೆದುಕೊಳ್ಳುತ್ತದೆ, ಅದರ ಮೇಲೆ ಚಿಕ್ಕ ವೆಲ್ಡ್ ಹೊಡೆದರೆ ಬೇಗ ತಣ್ಣಗಾಗಿ ಪಕ್ಕದ ಲೋಹ ಗಡುಸಾಗುತ್ತದೆ, ಬಿರುಕು ಬಿಡಬಹುದು. ದೊಡ್ಡದಕ್ಕೂ ಮಿತಿ ಇದೆ. ಪ್ಲೇಟಿನ ಚೌಕ ಅಂಚಿಗೆ ಹೊಡೆಯುವಾಗ ದಪ್ಪದಲ್ಲಿ 1.5 ಎಂಎಂ ಬಿಟ್ಟು ಉಳಿದಷ್ಟು, ಎಲ್ ಆಕಾರದ ಆಂಗಲ್‌ನ ದುಂಡು ಅಂಚಿಗಾದರೆ ದಪ್ಪದ ಮುಕ್ಕಾಲು. 50-50-6 ಆಂಗಲ್ (ಎರಡೂ ಕಡೆ 50, ದಪ್ಪ 6 ಎಂಎಂ) ತಗೊಳ್ಳಿ, ಅದರ ಅಂಚಿಗೆ 4.5 ಎಂಎಂ ದಾಟಬಾರದು. ಅಂಚು ಪೂರ್ತಿ ಕರಗಿಹೋದರೆ ಅಲ್ಲಿ ಎಷ್ಟು ಲೆಗ್ ಇತ್ತು ಅಂತ ಹೇಳೋಕೆ ಯಾರಿಂದಲೂ ಆಗಲ್ಲ.

ಅಳೆಯುವುದಕ್ಕೆ ಸ್ಕೇಲ್ ಬೇಡ. ಫಿಲೆಟ್ ಗೇಜ್ ಅಂತ ಸಿಗುತ್ತದೆ, ಒಂದು ರಿಂಗಿಗೆ ಪೋಣಿಸಿದ ತೆಳು ಲೋಹದ ಎಲೆಗಳ ಸೆಟ್ಟು. ಎಸ್.ಪಿ. ರೋಡ್ ಕಡೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ ನೋಡಿ. ಮೊದಲು ಸ್ಲ್ಯಾಗ್, ಸ್ಪ್ಯಾಟರ್ (ಸಿಡಿದು ಅಂಟಿದ ಲೋಹದ ಹನಿ) ಎಲ್ಲ ತೆಗೆಯಬೇಕು, ಇಲ್ಲದಿದ್ದರೆ ಗೇಜ್ ಕೂರುವುದೇ ಇಲ್ಲ. ಮುಖ ಉಬ್ಬಿದ್ದರೆ ಲೆಗ್ ಅಳೆಯುವ ಅಂಚನ್ನು ಹಿಡಿಯಿರಿ. ಮುಖ ತಗ್ಗಾಗಿದ್ದರೆ ಥ್ರೋಟ್ ಅಳೆಯುವ ಅಂಚು. ಇದನ್ನು ಅದಲುಬದಲು ಮಾಡುವವರು ಬಹಳ. ತಗ್ಗು ವೆಲ್ಡ್ ನೋಡೋಕೆ ಅಂದವಾಗಿರುತ್ತದೆ, ಲೆಗ್ ಕೂಡ ಧಾರಾಳವಾಗಿ ಸಿಗುತ್ತದೆ, ಆದರೆ ನಡುವೆ ಥ್ರೋಟ್ ಕಮ್ಮಿ. ಇನ್ನೊಂದು, ಪ್ಲೇಟ್‌ಗಳು 90 ಡಿಗ್ರಿಯಲ್ಲಿ ಇಲ್ಲದಿದ್ದರೆ ಈ ಎಲೆ ಗೇಜನ್ನು ನಂಬಬೇಡಿ. ಕೋನ ಅಗಲವಾದಂತೆ ಆ 0.7 ಕೂಡ ಇಳಿಯುತ್ತದೆ, 120 ಡಿಗ್ರಿಗೆ ಬಂದರೆ 0.5 ಅಷ್ಟೇ.

ಗೇಜಿಗೂ ಕಾಣದ್ದು ಒಂದಿದೆ, ಗ್ಯಾಪ್. ಪೈಪನ್ನೋ ಪ್ಲೇಟನ್ನೋ ಸರಿಯಾಗಿ ಕಟ್ ಮಾಡದೆ ನಿಲ್ಲಿಸಿ ಟ್ಯಾಕ್ (ಜಾಗದಲ್ಲಿ ಹಿಡಿದಿಡುವ ಚಿಕ್ಕ ವೆಲ್ಡ್) ಹೊಡೆದಿರುತ್ತಾರೆ, ಕೆಳಗೆ 3 ಎಂಎಂ ಸಂದು. ಮೇಲೆ 6 ಎಂಎಂ ವೆಲ್ಡ್ ಬಂತು, ಗೇಜ್ ಕೂತಿತು, ಪಾಸ್. ನಿಜವಾಗಿ ನಿಂತ ಪ್ಲೇಟಿಗೆ ಹಿಡಿದಿರುವುದು 3 ಎಂಎಂ ಮಾತ್ರ! ಅಮೆರಿಕದ ಉಕ್ಕಿನ ವೆಲ್ಡಿಂಗ್ ಕೋಡ್ ಡಿ1.1 ಪ್ರಕಾರ ಸಂದು 1.6 ಎಂಎಂ ದಾಟಿದರೆ ಎಷ್ಟು ಸಂದು ಇದೆಯೋ ಅಷ್ಟು ಲೆಗ್ ಜಾಸ್ತಿ ಕೊಡಬೇಕು. ಅದಕ್ಕೇ ನಾನು ವೆಲ್ಡ್ ಆದಮೇಲೆ ನೋಡುವುದಕ್ಕಿಂತ ಟ್ಯಾಕ್ ಆದಾಗ ನೋಡುವುದೇ ಜಾಸ್ತಿ.

ಹೊರದೇಶದ ಡ್ರಾಯಿಂಗ್ ಬಂದರೆ ಅಕ್ಷರ ನೋಡಿಕೊಳ್ಳಿ. ಐಎಸ್‌ಒ ಪದ್ಧತಿಯಲ್ಲಿ ಸಂಖ್ಯೆಯ ಮುಂದೆ 'ಝೆಡ್' ಇದ್ದರೆ ಲೆಗ್, 'ಎ' ಇದ್ದರೆ ಥ್ರೋಟ್. ಎ5 ಅಂದರೆ 7 ಎಂಎಂ ಲೆಗ್ ಬೇಕು. 5 ಅಂತ ಓದಿ 5 ಎಂಎಂ ಲೆಗ್ ಹೊಡೆದರೆ ಥ್ರೋಟ್ 3.5ಕ್ಕೆ ನಿಲ್ಲುತ್ತದೆ, ಪೂರ್ತಿ ಲಾಟ್ ರಿಜೆಕ್ಟ್.

ಉದ್ದ ಕೊಡಿ ಅಂದೆನಲ್ಲ, ಅದರಲ್ಲೂ ಒಂದು ಮಾತಿದೆ. ಶುರುವಾದ ತುದಿ, ನಿಲ್ಲಿಸಿದ ತುದಿ ಎರಡೂ ಪೂರ್ತಿ ಸೈಜಿಗೆ ಬಂದಿರುವುದಿಲ್ಲ. ಹಾಗಾಗಿ ಒಟ್ಟು ಉದ್ದದಲ್ಲಿ ಸೈಜಿನ ಎರಡರಷ್ಟು ಕಳೆದು ಲೆಕ್ಕ ಹಿಡಿಯುತ್ತಾರೆ. 6 ಎಂಎಂ ಸೈಜಿನಲ್ಲಿ 50 ಎಂಎಂ ತುಂಡು ಹೊಡೆದರೆ ಲೆಕ್ಕಕ್ಕೆ ಬರುವುದು 38. ಅಂಥ ಎರಡು ತುಂಡಿಗೆ 76, ಒಂದೇ ಎಳೆಯಲ್ಲಿ 100 ಹೊಡೆದಿದ್ದರೆ 88 ಸಿಗುತ್ತಿತ್ತು. ತುದಿಯಲ್ಲಿ ಮೂಲೆ ಸಿಕ್ಕರೆ ಅಲ್ಲೇ ನಿಲ್ಲಿಸದೆ, ವೆಲ್ಡನ್ನು ಆ ಮೂಲೆ ಸುತ್ತ ಸೈಜಿನ ಎರಡರಷ್ಟು ಉದ್ದ ತಿರುಗಿಸಿ ನಿಲ್ಲಿಸಲು ಹೇಳಿ.

ಮತ್ತೆ, ನೋಡುವುದಾದರೆ ರೆಡ್ ಆಕ್ಸೈಡ್ ಹೊಡೆಯುವ ಮುಂಚೆ ಹೋಗಿ ನೋಡಿ. ಪುಟ್ಟಿ ಹಾಕಿ ಪೇಂಟ್ ಹೊಡೆದ ಮೇಲೆ ಗೇಜ್ ಇಟ್ಟರೆ ನೀವು ಅಳೆಯುವುದು ಪುಟ್ಟಿಯನ್ನು.