ಟ್ಯೂನ್ ಯಾರದು, ಕಾಗದದಲ್ಲಿ ಹೆಸರು ಯಾರದು?

ತುಮಕೂರಿನಿಂದ ಬೆಳಗಿನ ರೈಲು ಹತ್ತಿ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸಿನಿಮಾ, ಧಾರಾವಾಹಿಗಳ ಸಂಗೀತಕ್ಕೆ ಪ್ರೋಗ್ರಾಮಿಂಗ್ (ಕಂಪ್ಯೂಟರಿನಲ್ಲಿ ವಾದ್ಯಗಳನ್ನು ಜೋಡಿಸುವ ಕೆಲಸ) ಮಾಡಿ ರಾತ್ರಿ ಮನೆ ಸೇರುವ ಹುಡುಗರಿಗೆ ಬ್ರಿಟನ್ನಿನ ಎರಡು ಟ್ಯೂನ್‌ಗಳ ಲೆಕ್ಕ ಗೊತ್ತಿರಬೇಕು.

ಮೊದಲನೆಯದು 1962ರ ಜೇಮ್ಸ್ ಬಾಂಡ್ ಚಿತ್ರದ ಥೀಮ್. ಟ್ಯೂನ್ ಮಾಂಟಿ ನಾರ್ಮನ್ ಹೆಸರಿನಲ್ಲಿದೆ, ಅದಕ್ಕೆ ವಾದ್ಯ ಹೊಂದಿಸಿ ಅರೇಂಜ್ ಮಾಡಿದ್ದು ಜಾನ್ ಬ್ಯಾರಿ. ಬ್ಯಾರಿ ಕೈಗೆ ಬಂದದ್ದು ಒಂದೇ ಸಲದ ಸುಮಾರು 250 ಪೌಂಡ್, ರಾಯಧನ (ರಾಯಲ್ಟಿ) ನಾರ್ಮನ್‌ಗೆ. ಮುಂದೆ ಬ್ಯಾರಿಗೆ 11 ಬಾಂಡ್ ಚಿತ್ರ, 5 ಆಸ್ಕರ್ ಸಿಕ್ಕವು ಅನ್ನಿ. ಎಲ್ಲ ಅರೇಂಜರ್‌ಗಳ ಹಣೆಯಲ್ಲೂ ಅದು ಬರೆದಿರುವುದಿಲ್ಲ.

ಎರಡನೆಯದು 1963ರ ಬಿಬಿಸಿ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ದ ಟ್ಯೂನ್. ರಾನ್ ಗ್ರೇನರ್ ಸ್ವರ ಬರೆದುಕೊಟ್ಟರು. ಅದನ್ನು ನಾವು ಕೇಳುವ ರೂಪಕ್ಕೆ ತಂದವರು ಬಿಬಿಸಿಯ ಧ್ವನಿ ಪ್ರಯೋಗಶಾಲೆಯಾದ ರೇಡಿಯೋಫೋನಿಕ್ ವರ್ಕ್‌ಶಾಪಿನ ಡೆಲಿಯಾ ಡರ್ಬಿಶೈರ್. ಮೀಟಿದ ಒಂದು ತಂತಿ, ಆಸಿಲೇಟರ್ ಎಂಬ ವಿದ್ಯುತ್ ಉಪಕರಣದ ಊಳು, ಒಂದಿಷ್ಟು ಗದ್ದಲ. ಇಷ್ಟನ್ನೇ ಟೇಪಿಗೆ ಹಿಡಿದು, ಒಂದೊಂದು ಸ್ವರವನ್ನೂ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಸೆಕೆಂಡಿಗೆ 15 ಇಂಚು ಓಡುವ ಟೇಪಾದರೆ ಅರ್ಧ ಸೆಕೆಂಡಿನ ಸ್ವರಕ್ಕೆ ಏಳೂವರೆ ಇಂಚು ತುಂಡು ಬೇಕು. ಕಾಲಿಂಚು ಹೆಚ್ಚಾದರೂ ತಾಳ ಜಾರುತ್ತದೆ. ರಾಯಧನದಲ್ಲಿ ಆಕೆಗೂ ಪಾಲು ಕೊಡಬೇಕೆಂದು ಗ್ರೇನರ್ ಕೇಳಿದರು, ಬಿಬಿಸಿ ನಿಯಮ ಒಪ್ಪಲಿಲ್ಲ. ಪರದೆ ಮೇಲೆ ಡೆಲಿಯಾ ಹೆಸರು ಬಂದದ್ದು 2013ರಲ್ಲಿ; ಆಕೆ ತೀರಿಹೋಗಿ 12 ವರ್ಷವಾಗಿತ್ತು.

ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ಹಾಡೊಂದು ಹೇಗೆ ಬೇರೆಯೇ ಆಗಿಬಿಡುತ್ತದೆಂದು ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಕಾನೂನಿನ ಕಿವಿಗೆ ಕೈಚಳಕ ಕೇಳುವುದಿಲ್ಲ. ನಮ್ಮಲ್ಲೂ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಟಿವಿ, ಓಟಿಟಿಯಂಥ ಉಳಿದ ಬಳಕೆಗಳ ರಾಯಧನದ ಪಾಲನ್ನು ಸಂಗೀತ ರಚಿಸಿದವರು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ. ಬರೀ ‘ಪ್ರೋಗ್ರಾಮರ್’ ಎಂದು ಸಹಿ ಹಾಕಿದವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಟ್ಯೂನಿನ ಒಂದು ಸಾಲು ನಿಮ್ಮದಾಗಿದ್ದರೆ ಅದೇ ದಿನ ಪಾಲು ಮಾತಾಡಿ, ಶೇಕಡಾ ಲೆಕ್ಕದಲ್ಲಿ ಬರೆಸಿಕೊಳ್ಳಿ. ಮಿಕ್ಸಿಂಗ್ ಮುಗಿದ ಮೇಲೆ ಕೇಳಿದರೆ ಜಗಳವಾಗುತ್ತದೆ.

ರಾಯಧನ ಬರುವುದು ಕ್ಯೂ ಶೀಟಿನ ಆಧಾರದ ಮೇಲೆ; ಚಿತ್ರದಲ್ಲಿ ಬಳಸಿದ ಸಂಗೀತದ ಪಟ್ಟಿ ಅದು. ಸಂಗೀತದ ತುಣುಕಿನ ಸಂಖ್ಯೆ (1ಎಂ1 ಎಂದರೆ ಮೊದಲ ರೀಲಿನ ಮೊದಲ ತುಣುಕು), ಶುರು, ಮುಗಿತಾಯ, ಅವಧಿ, ಹಿನ್ನೆಲೆಯೋ ಟೈಟಲ್ಲೋ ದೃಶ್ಯದೊಳಗಿನ ರೇಡಿಯೋವೋ, ರಚಿಸಿದವರ ಹೆಸರು, ಐಪಿಐ ಸಂಖ್ಯೆ (ರಚಿಸಿದವರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ಪಾಲು. ಇಷ್ಟೂ ಬೇಕು. ಎಡವುವುದು ಎರಡು ಕಡೆ. ಒಂದು, ಇನಿಷಿಯಲ್: ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯತ್ವದಲ್ಲಿ ಹೆಸರಿನ ಹಿಂದೆ, ಶೀಟಿನಲ್ಲಿ ಮುಂದೆ, ಟೈಟಲ್ ಕಾರ್ಡಿನಲ್ಲಿ ಇನಿಷಿಯಲ್ಲೇ ಇಲ್ಲ. ಐಪಿಐ ಸಂಖ್ಯೆಯೂ ಬಿಟ್ಟುಹೋಗಿದ್ದರೆ ಈ ಮೂವರೂ ಒಬ್ಬರೇ ಎಂದು ಗೊತ್ತಾಗುವುದು ಹೇಗೆ?

ಇನ್ನೊಂದು ಫ್ರೇಮಿನದು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಟಿವಿಗೆಂದು 25ರಲ್ಲಿ ಓಡಿಸಿದರೆ 10 ನಿಮಿಷದ್ದು 9 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಶ್ರುತಿಯೂ ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತದೆ. ಆಗ ಹಳೇ ಶೀಟಿನ ಸಮಯಗಳೆಲ್ಲ ತಪ್ಪು. ಚಾನೆಲ್ಲಿಗೆ ಹೋಗುವ ಕೊನೆಯ ಫೈಲನ್ನೇ ತರಿಸಿಕೊಂಡು ಅದರ ಮೇಲಿಂದ ಶೀಟ್ ಬರೆಯಿರಿ.